ಎರಡನೆಯ ಸೂತ್ರದ ಓದುಗ

ಆಗಸ್ಟ್ 12ರಂದು ನಮ್ಮ ದೇಶದ ಗ್ರಂಥಪಾಲಕರು ತಮ್ಮ ದಿನವನ್ನು ಆಚರಿಸುತ್ತಾರೆ. ಶಿಯಾಳಿ ರಾಮಾಮೃತ ರಂಗನಾಥನ್ ಅವರ ಭಾವಚಿತ್ರಕ್ಕೆ ಹಾರ ಹಾಕಿ, ಒಬ್ಬರು ಅವರ ಐದು ಸೂತ್ರಗಳನ್ನು ಓದಿ, ಇನ್ನೊಬ್ಬರು ವಂದನಾರ್ಪಣೆ ಮಾಡಿದರೆ ಸಮಾರಂಭ ಮುಗಿಯುತ್ತದೆ. ಕೆಲವು ವರ್ಷಗಳ ಹಿಂದೆ ಕೋಲಾರ ಜಿಲ್ಲೆಯ ಕಾಲೇಜೊಂದು ಅಂಥ ಸಮಾರಂಭಕ್ಕೆ ನನ್ನನ್ನು ಕರೆದಿತ್ತು. ಅಲ್ಲಿಯ ಗ್ರಂಥಾಲಯ ಮೊದಲ ಮಹಡಿಯಲ್ಲಿದೆ. ಮಂಡಿನೋವಿನ ವಯಸ್ಸಾದ್ದರಿಂದ ಮೆಟ್ಟಿಲುಗಳನ್ನು ಎಣಿಸಿಕೊಂಡೇ ಹತ್ತಿದೆ: ಇಪ್ಪತ್ತನಾಲ್ಕು. ಕೆಳಗಿನ ಪಡಸಾಲೆಯಲ್ಲಿ ಊರುಗೋಲನ್ನು ಗೋಡೆಗೆ ಆನಿಸಿ ಕುಳಿತಿದ್ದ ವಿದ್ಯಾರ್ಥಿನಿಯೊಬ್ಬಳನ್ನು, ಮೇಲೆ ಬರುವುದಿಲ್ಲವೇ ಎಂದು ಕೇಳಿದ್ದೆ. ಕಾಲೇಜು ಸೇರಿ ಎರಡು ವರ್ಷವಾದರೂ ತಾನು ಗ್ರಂಥಾಲಯವನ್ನು ನೋಡಿಯೇ ಇಲ್ಲವೆಂದೂ, ಬೇಕಾದ ಪುಸ್ತಕವನ್ನು ಗೆಳತಿಯರು ತಂದುಕೊಡುತ್ತಾರೆಂದೂ ಆಕೆ ಯಾವ ದೂರಿನ ಧ್ವನಿಯೂ ಇಲ್ಲದೆ ಹೇಳಿದಳು.

ಆ ಕಟ್ಟಡದ ನಕ್ಷೆಗೆ ಒಪ್ಪಿಗೆ ನೀಡಿದ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯನಾಗಿದ್ದೆ. ಅದು 1990ರ ದಶಕದ ಕೊನೆ. ಅಂಗವಿಕಲರ ಸಮಾನ ಅವಕಾಶಗಳ 1995ರ ಕಾಯಿದೆ ಆಗಲೇ ಜಾರಿಯಲ್ಲಿತ್ತು. ಅದರ ಪ್ರತಿ ನನ್ನ ಮೇಜಿನ ಕಪಾಟಿನಲ್ಲಿಯೇ ಇತ್ತು. ಅಂದಾಜು ವೆಚ್ಚ, ಸಿಮೆಂಟಿನ ಪ್ರಮಾಣ, ಗುತ್ತಿಗೆಯ ಅವಧಿ ಎಲ್ಲವನ್ನೂ ಪರಿಶೀಲಿಸಿದ ನೆನಪಿದೆ. ಇಳಿಜಾರು ದಾರಿ ಎಲ್ಲಿದೆ ಎಂದು ಕೇಳಿದ ನೆನಪಿಲ್ಲ. ಅಂದು ವೇದಿಕೆಯ ಮೇಲೆ ರಂಗನಾಥನ್ ಅವರ ಬಗ್ಗೆ ಇಪ್ಪತ್ತು ನಿಮಿಷ ಮಾತನಾಡಿದೆ. ಮನೆಗೆ ಬಂದ ಮೇಲೆ, ನಾನು ಹೊಗಳಿದ ಮನುಷ್ಯ ನಿಜಕ್ಕೂ ಏನು ಮಾಡಿದರೆಂದು ಮೊದಲಿನಿಂದ ಓದಲಾರಂಭಿಸಿದೆ. ಈ ಬರಹ ಆ ಓದಿನ ಫಲ.

ರಂಗನಾಥನ್ ಹುಟ್ಟಿದ್ದು 1892ರ ಆಗಸ್ಟ್‌ನಲ್ಲಿ, ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ, ಇಂದಿನ ಸೀರ್ಕಾಳಿ. ತಂದೆ ತೀರಿಕೊಂಡಾಗ ಹುಡುಗನಿಗೆ ಆರೇ ವರ್ಷ. ಮಾತು ತೊದಲುತ್ತಿತ್ತು. ಈ ತೊದಲಿನ ವಿಷಯವನ್ನು ಸಮಾರಂಭಗಳಲ್ಲಿ ಯಾರೂ ಹೇಳುವುದಿಲ್ಲ. ಮಹಾಪುರುಷರ ಜೀವನಚರಿತ್ರೆಗೆ ಅದು ಒಪ್ಪುವುದಿಲ್ಲವೆಂಬ ಸಂಕೋಚವಿರಬಹುದು. ಆದರೆ ಗಣಿತದ ಮೇಷ್ಟ್ರಾಗುವುದೊಂದೇ ಜೀವನದ ಗುರಿ ಎಂದುಕೊಂಡಿದ್ದ ಯುವಕನಿಗೆ ತೊದಲು ಸಣ್ಣ ತೊಡಕಾಗಿರಲಿಲ್ಲ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ 1913ರಲ್ಲಿ ಬಿ.ಎ., 1916ರಲ್ಲಿ ಗಣಿತದಲ್ಲಿ ಎಂ.ಎ. ಮುಗಿಸಿ, ಅಧ್ಯಾಪಕ ತರಬೇತಿ ಪಡೆದು, 1917ರಲ್ಲಿ ಅವರು ಮೊದಲು ಕೆಲಸಕ್ಕೆ ಸೇರಿದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿಗೆ. ಮಂಗಳೂರಿನ ವಿದ್ಯಾರ್ಥಿಗಳ ಎದುರು, ತಡೆತಡೆದು ಬರುವ ಮಾತಿನೊಂದಿಗೆ ಬೋಧನೆ ಆರಂಭಿಸಿ, ಕ್ರಮೇಣ ಆ ತೊಡಕನ್ನು ದಾಟಿದರು. ಮುಂದೆ ಕೊಯಮತ್ತೂರು, ಅನಂತರ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು.

ಇಲ್ಲೊಂದು ಮಾತನ್ನು ಸೇರಿಸಬೇಕೆನಿಸುತ್ತದೆ. ರಂಗನಾಥನ್ ಮದ್ರಾಸಿನಲ್ಲಿ ಓದುತ್ತಿದ್ದ ವರ್ಷಗಳಲ್ಲಿಯೇ ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರೂ ಅದೇ ನಗರದಲ್ಲಿ ಇಂಗ್ಲಿಷ್ ಎಂ.ಎ. ಮಾಡುತ್ತಿದ್ದರು, 1914ರಲ್ಲಿ ಮುಗಿಸಿದರು. ಇವರಿಗಿಂತ ಅವರು ಒಂದು ವರ್ಷ ಹಿರಿಯರು. ಒಬ್ಬರು ಮೈಸೂರಿನ ಸಿವಿಲ್ ಸರ್ವಿಸ್ ಸೇರಿ ಕಥೆಗಳನ್ನು ಬರೆದರು, ಇನ್ನೊಬ್ಬರು ಪುಸ್ತಕಗಳನ್ನು ಓದುಗರ ಬಳಿಗೆ ಕಳಿಸುವ ವಿದ್ಯೆಯನ್ನು ಕಟ್ಟಿದರು. ಮಾಲೂರಿನಲ್ಲಿ ಹುಟ್ಟಿ ಬೆಳೆದು ಸರ್ಕಾರಿ ನೌಕರಿಗೆ ಸೇರಿದ ನನ್ನಂಥವನಿಗೆ ಮಾಸ್ತಿಯವರು ಮನೆಯ ಹಿರಿಯರ ಹಾಗೆ. ಮಾಸ್ತಿ ಗ್ರಾಮದಲ್ಲಿ ಅವರ ಮನೆ ಈಗ ಗ್ರಂಥಾಲಯವಾಗಿದೆ.

ರಂಗನಾಥನ್ ಗ್ರಂಥಪಾಲಕರಾದದ್ದು ಆಸೆಪಟ್ಟು ಅಲ್ಲ. ಮದ್ರಾಸ್ ವಿಶ್ವವಿದ್ಯಾಲಯ 1923ರಲ್ಲಿ ಗ್ರಂಥಪಾಲಕ ಹುದ್ದೆಯನ್ನು ಸೃಷ್ಟಿಸಿದಾಗ ಸುಮಾರು ಒಂಬೈನೂರು ಮಂದಿ ಅರ್ಜಿ ಹಾಕಿದ್ದರು. ಅವರಲ್ಲಿ ಯಾರಿಗೂ ಆ ವಿದ್ಯೆಯ ತರಬೇತಿ ಇರಲಿಲ್ಲ. ಸಂದರ್ಶನಕ್ಕೆ ಕೆಲವು ದಿನ ಮೊದಲು ವಿಶ್ವಕೋಶದಲ್ಲಿ ಓದಿಕೊಂಡ ಒಂದು ಲೇಖನವಷ್ಟೇ ರಂಗನಾಥನ್ ಅವರ ಬಂಡವಾಳ. ಹುದ್ದೆ ಸಿಕ್ಕಿತು, 1924ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡರು. ಕೆಲವೇ ವಾರಗಳಲ್ಲಿ ಆ ಏಕಾಂತ ಅಸಹನೀಯವಾಗಿ, ಪಾಠ ಹೇಳುವ ಕೆಲಸಕ್ಕೇ ಕಳಿಸಿಕೊಡಿ ಎಂದು ಹಿರಿಯರ ಬಳಿ ಮೊರೆಯಿಟ್ಟರು. ಮೊದಲು ಲಂಡನ್ನಿಗೆ ಹೋಗಿ ಈ ವಿದ್ಯೆಯನ್ನು ಕಲಿತು ಬರಲಿ, ಆಮೇಲೂ ಬೇಡವೆನಿಸಿದರೆ ಅಧ್ಯಾಪಕ ಹುದ್ದೆ ಕಾದಿರುತ್ತದೆ ಎಂಬ ಒಪ್ಪಂದವಾಯಿತು. ನೌಕರಶಾಹಿ ಒಮ್ಮೊಮ್ಮೆ ಇಂಥ ವಿವೇಕವನ್ನೂ ತೋರುತ್ತದೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸೇಯರ್ಸ್ ಎಂಬ ಗುರು ದೊರೆತರು. ಕ್ರಾಯ್ಡನ್ ಪಟ್ಟಣದ ಗ್ರಂಥಾಲಯ ಆತನ ಕೈಯಲ್ಲಿತ್ತು. ಇಂಗ್ಲೆಂಡಿನ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ರಂಗನಾಥನ್ ಸುತ್ತಿ ನೋಡಿದರು. ಮಕ್ಕಳು, ಕಾರ್ಮಿಕರು, ಗೃಹಿಣಿಯರು ಕಪಾಟುಗಳ ನಡುವೆ ಸ್ವತಃ ಓಡಾಡಿ ಪುಸ್ತಕ ಆರಿಸಿಕೊಳ್ಳುವುದನ್ನು ಕಂಡದ್ದು ಅಲ್ಲಿಯೇ. ಅಂಗಡಿಯೊಂದರಲ್ಲಿ ಮೆಕ್ಯಾನೋ ಆಟಿಕೆಯನ್ನು ನೋಡಿದರು: ಕೆಲವೇ ಪಟ್ಟಿಗಳು, ಗಾಲಿಗಳು, ತಿರುಪುಗಳು, ಜೋಡಿಸಿದರೆ ಬೇಕಾದ ಯಂತ್ರ. ಜ್ಞಾನದ ವಿಷಯಗಳನ್ನೂ ಹೀಗೆ ಸಣ್ಣ ಅಂಶಗಳಿಂದ ಜೋಡಿಸಬಹುದಲ್ಲವೇ ಎಂಬ ಯೋಚನೆಯೇ ಮುಂದೆ 1933ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣವಾಯಿತು. ಕರಡು ಪದ್ಧತಿಯನ್ನು 1925ರಲ್ಲಿ ಊರಿಗೆ ಮರಳುವ ಹಡಗಿನ ಪುಟ್ಟ ಗ್ರಂಥಾಲಯದ ಮೇಲೆಯೇ ಪ್ರಯೋಗಿಸಿ ನೋಡಿದರಂತೆ. ಆರೇ ಚುಕ್ಕಿಗಳ ಜೋಡಣೆಯಿಂದ ಅರವತ್ತಮೂರು ಸಂಕೇತಗಳನ್ನು ಕಟ್ಟಿದ ಲೂಯಿ ಬ್ರೈಲ್‌ನ ಬುದ್ಧಿಗೂ ಇದಕ್ಕೂ ನೆಂಟಸ್ತನವಿದೆ ಎಂದು ನನಗೆ ಅನಿಸುವುದುಂಟು. 1951ರಲ್ಲಿ ರೂಪುಗೊಂಡ ಭಾರತಿ ಬ್ರೈಲ್‌ನಲ್ಲಿ ಕನ್ನಡದ ಕಕಾರಕ್ಕೂ ತಮಿಳಿನ ಕಕಾರಕ್ಕೂ ಚುಕ್ಕಿಗಳು ಒಂದೇ.

ಮರಳಿ ಬಂದ ಮೇಲೆ ಅಧ್ಯಾಪಕ ಹುದ್ದೆಯ ಮಾತೇ ಬರಲಿಲ್ಲ. ಎರಡು ದಶಕ ರಜೆಯಿಲ್ಲದ ದುಡಿಮೆ. 1929ರಲ್ಲಿ ಎರಡನೆಯ ಮದುವೆಯಾದ ದಿನವೂ ಶಾಸ್ತ್ರ ಮುಗಿಸಿ ಗ್ರಂಥಾಲಯಕ್ಕೆ ಹೋದರೆಂಬುದು ಪ್ರಸಿದ್ಧ. ಇದನ್ನು ಎಲ್ಲರೂ ಮೆಚ್ಚುಗೆಯಿಂದ ಹೇಳುತ್ತಾರೆ. ಮದುಮಗಳು ಶಾರದಾ ಅವರನ್ನು ಕೇಳಿದವರಿಲ್ಲ. 1928ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘ ಹುಟ್ಟಿತು. 1931ರಲ್ಲಿ ಮನ್ನಾರ್‌ಗುಡಿಯ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕಗಳು ಹೊರಟವು. ಗ್ರಂಥಾಲಯಕ್ಕೆ ಬರಲಾಗದವನ ಬಳಿಗೆ ಗ್ರಂಥಾಲಯವೇ ಹೋಗಬೇಕೆಂಬ ತತ್ತ್ವಕ್ಕೆ ಆ ಗಾಡಿಗಿಂತ ಸರಳವಾದ ರೂಪವಿಲ್ಲ.

ಅದೇ 1931ರಲ್ಲಿ ಐದು ಸೂತ್ರಗಳ ಪುಸ್ತಕ ಹೊರಬಂತು. ಪುಸ್ತಕವಿರುವುದು ಬಳಕೆಗೆ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು, ಓದುಗನ ಸಮಯ ಉಳಿಯಬೇಕು, ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವಿ. ಕೇಳಲು ಇಷ್ಟೇ. ಸಮಾರಂಭಗಳಲ್ಲಿ ಇಷ್ಟನ್ನೇ ಓದುವುದರಿಂದ ಆಗುವ ನಷ್ಟವೆಂದರೆ, ಒಂದೊಂದು ಸೂತ್ರದ ಹಿಂದೆ ಅವರು ಬರೆದ ದೀರ್ಘ ವ್ಯಾಖ್ಯಾನ ಮರೆತುಹೋಗುತ್ತದೆ. ಮೊದಲ ಸೂತ್ರವನ್ನು ವಿವರಿಸುವಾಗ ಅವರು ತತ್ತ್ವಶಾಸ್ತ್ರಕ್ಕೆ ಹೋಗುವುದಿಲ್ಲ. ಗ್ರಂಥಾಲಯ ಊರಿನಲ್ಲಿ ಎಲ್ಲಿರಬೇಕು, ಎಷ್ಟು ಹೊತ್ತು ತೆರೆದಿರಬೇಕು, ಪೀಠೋಪಕರಣ ಹೇಗಿರಬೇಕು ಎಂಬುದಕ್ಕೆ ಹೋಗುತ್ತಾರೆ. ಕೈಗೆಟಕದ ಎತ್ತರದ ಕಪಾಟು, ಇಬ್ಬರು ಸರಿದಾಡಲಾಗದ ಇಕ್ಕಟ್ಟಿನ ಓಣಿ ಅವರ ಕಣ್ಣಿಗೆ ಸೂತ್ರಭಂಗಗಳು. ಅವರ ಮನಸ್ಸಿನಲ್ಲಿದ್ದದ್ದು ನಿಂತಿರುವ ಓದುಗನ ಕೈ. ಗಾಲಿಕುರ್ಚಿಯಲ್ಲಿ ಕುಳಿತವರ ಕೈ ನಾಲ್ಕು ಅಡಿಯ ಆಚೀಚೆಗೆ ನಿಂತುಬಿಡುತ್ತದೆ. ಆದರೆ ಅಳೆಯಬೇಕಾದದ್ದು ಓದುಗನ ತೋಳನ್ನು, ಗೋಡೆಯ ಎತ್ತರವನ್ನಲ್ಲ ಎಂಬ ಪಾಠ ಅವರದೇ.

ಎರಡನೆಯ ಸೂತ್ರದ ವ್ಯಾಖ್ಯಾನಕ್ಕೆ ಅವರು ಇಟ್ಟುಕೊಂಡ ಹೆಸರು ದಿಗ್ವಿಜಯ. ಸೂತ್ರವೇ ಒಬ್ಬ ಚಕ್ರವರ್ತಿಯಂತೆ ದಿಕ್ಕುದಿಕ್ಕಿಗೆ ಹೊರಡುತ್ತದೆ. ಶ್ರೀಮಂತನಿಗಷ್ಟೇ ಅಲ್ಲ, ಬಡವನಿಗೂ ಪುಸ್ತಕ. ಗಂಡಸಿಗಷ್ಟೇ ಅಲ್ಲ, ಹೆಂಗಸಿಗೂ. ಪಟ್ಟಣಕ್ಕಷ್ಟೇ ಅಲ್ಲ, ಹಳ್ಳಿಗೂ. ದಡದಲ್ಲಿರುವವನಿಗಷ್ಟೇ ಅಲ್ಲ, ಕಡಲಿನ ಮೇಲಿರುವ ನಾವಿಕನಿಗೂ. ಈ ಯಾತ್ರೆಯ ನಡುವೆ ಕುರುಡರು, ಆಸ್ಪತ್ರೆಯ ಹಾಸಿಗೆಯಲ್ಲಿರುವವರು, ಸೆರೆಮನೆಯಲ್ಲಿರುವವರು ಬರುತ್ತಾರೆ. ಅವರನ್ನೆಲ್ಲ ಸೇರಿಸಿದ ಭಾಗಕ್ಕೆ ರಂಗನಾಥನ್ ಕೊಟ್ಟ ತಲೆಬರಹ ಸಾಮಾನ್ಯರು ಮತ್ತು ಅಸಾಮಾನ್ಯರು ಎಂಬರ್ಥದ ಇಂಗ್ಲಿಷ್ ಪದಗಳಲ್ಲಿದೆ. ಇಂದು ಯಾರೂ ಆ ಪದಗಳನ್ನು ಬಳಸಲಾರರು. ಆದರೂ ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಅಂಧ ಓದುಗನಿಗೆ ಪುಸ್ತಕ ಒದಗಿಸುವುದನ್ನು ಅವರು ಧರ್ಮಕಾರ್ಯದ ಖಾತೆಗೆ ಬರೆಯುವುದಿಲ್ಲ. ಅದು ಗ್ರಂಥಾಲಯದ ವ್ಯಾಖ್ಯೆಯ ಒಳಗೇ ಇದೆ. ಒಬ್ಬನಿಗೆ ಪುಸ್ತಕ ತಲುಪದಿದ್ದರೂ ಸೂತ್ರ ಸೋತಂತೆ. ಗಣಿತದವರ ಮಾತು ಅದು. ಒಂದು ಅಪವಾದವಿದ್ದರೂ ಪ್ರಮೇಯ ಬೀಳುತ್ತದೆ.

ಇದನ್ನು ಓದುವಾಗ ನನಗೆ 1980ರ ದಶಕದ ಆರಂಭದ ಎರಡು ವರ್ಷಗಳು ಮರುಕಳಿಸಿದವು. ಅರ್ಥಶಾಸ್ತ್ರದ ಎಂ.ಎ. ತರಗತಿಯಲ್ಲಿ ಶ್ರೀನಿವಾಸಪುರ ತಾಲ್ಲೂಕಿನ ಮಾವಿನ ತೋಪಿನ ಊರೊಂದರಿಂದ ಬಂದ ಅಂಧ ಗೆಳೆಯನೊಬ್ಬನಿದ್ದ. ಒಂದೇ ಜಿಲ್ಲೆಯವರೆಂದು ನಾವಿಬ್ಬರೂ ಒಂದೇ ಕೊಠಡಿಯಲ್ಲಿದ್ದೆವು. ಪಠ್ಯಪುಸ್ತಕಗಳು ಬ್ರೈಲ್‌ನಲ್ಲಿರಲಿಲ್ಲ, ಧ್ವನಿಮುದ್ರಣವಿರಲಿಲ್ಲ. ಓದಿ ಹೇಳುವವರಿದ್ದರೆ ಓದು. ಗ್ರಂಥಾಲಯದಲ್ಲಿ ಮೌನ ಪಾಲಿಸಬೇಕೆಂಬ ಫಲಕವಿತ್ತು. ನಾನು ಎಷ್ಟೇ ಪಿಸುಗುಟ್ಟಿದರೂ ಸುತ್ತಲಿನವರು ತಿರುಗಿ ನೋಡುತ್ತಿದ್ದರು, ಸಿಬ್ಬಂದಿ ಬಂದು ಎಬ್ಬಿಸುತ್ತಿದ್ದರು. ಹೊರಗಿನ ಹೊಂಗೆ ಮರದ ಕೆಳಗೆ ಗಟ್ಟಿಯಾಗಿ ಓದಬಹುದಿತ್ತು, ಆದರೆ ಪರಾಮರ್ಶನ ಗ್ರಂಥಗಳನ್ನು ಹೊರಗೆ ಒಯ್ಯುವಂತಿರಲಿಲ್ಲ. ಎರಡೂ ನಿಯಮಗಳು ತಮ್ಮಷ್ಟಕ್ಕೆ ಸರಿಯಾಗಿಯೇ ಇದ್ದವು. ಎರಡೂ ಸೇರಿದಾಗ ಒಬ್ಬ ವಿದ್ಯಾರ್ಥಿಗೆ ಗ್ರಂಥಾಲಯವೇ ಮುಚ್ಚಿಹೋಗುತ್ತಿತ್ತು. ನಾನು ಒಳಗೆ ಕೂತು ಟಿಪ್ಪಣಿ ಬರೆದುಕೊಂಡು ಬಂದು ಮರದ ಕೆಳಗೆ ಓದುತ್ತಿದ್ದೆ. ಬೇಡಿಕೆ, ಪೂರೈಕೆಯ ರೇಖೆಗಳನ್ನೂ ಉದಾಸೀನ ವಕ್ರರೇಖೆಗಳನ್ನೂ ಅವನ ಅಂಗೈ ಮೇಲೆ ಬೆರಳಿನಿಂದ ಗೀಚಿ ತೋರಿಸುತ್ತಿದ್ದೆ. ಒಮ್ಮೆ ಗೀಚಿದ್ದನ್ನು ಅವನು ಮರೆಯುತ್ತಿರಲಿಲ್ಲ.

ಫಲಿತಾಂಶ ಬಂದಾಗ ನನಗೆ ಪ್ರಥಮ ದರ್ಜೆ, ಅವನಿಗೆ ದ್ವಿತೀಯ. ಗಟ್ಟಿಯಾಗಿ ಓದಿ, ಮತ್ತೊಬ್ಬನಿಗೆ ಬಿಡಿಸಿ ಹೇಳಿ, ಅವನ ಪ್ರಶ್ನೆಗಳಿಗೆ ಉತ್ತರ ಹುಡುಕಿದ ವಿದ್ಯಾರ್ಥಿಗೆ ವಿಷಯ ಗಟ್ಟಿಯಾಗದೇ ಇರುತ್ತದೆಯೇ? ಅವನಿಗೆ ಸಿಕ್ಕಿದ್ದು ಪುಸ್ತಕಗಳಲ್ಲ, ನಾನು ಮುಖ್ಯವೆಂದುಕೊಂಡ ಪುಟಗಳು. ನಾನು ಬಿಟ್ಟ ಅಧ್ಯಾಯ ಅವನ ಪಾಲಿಗೆ ಬರೆಯಲ್ಪಟ್ಟೇ ಇರಲಿಲ್ಲ. ಪಡಸಾಲೆಯಲ್ಲಿ ಕುಳಿತಿದ್ದ ಆ ಹುಡುಗಿಯ ಸ್ಥಿತಿಯೂ ಅದೇ. ತಾನು ಕೇಳಿದ ಪುಸ್ತಕ ಆಕೆಗೆ ಬಂದೀತು. ಕಪಾಟಿನ ಮುಂದೆ ನಿಂತಾಗ ಪಕ್ಕದಲ್ಲಿ ಅಕಸ್ಮಾತ್ತಾಗಿ ಕಣ್ಣಿಗೆ ಬೀಳುವ, ತಾನು ಕೇಳಲು ಗೊತ್ತೇ ಇರದ ಪುಸ್ತಕ ಬರಲಾರದು. ರಂಗನಾಥನ್ ತೆರೆದ ಕಪಾಟಿಗಾಗಿ ಹೋರಾಡಿದ್ದು ಆ ಎರಡನೆಯ ಪುಸ್ತಕಕ್ಕಾಗಿಯೇ, ಮೂರನೆಯ ಸೂತ್ರದ ಅರ್ಥವೇ ಅದು.

ಅವರ ಮುಂದಿನ ಜೀವನವನ್ನು ಬೇಗ ಹೇಳಬಹುದು. ಎರಡು ದಶಕಗಳ ಅನಂತರ ಮದ್ರಾಸನ್ನು ಬಿಟ್ಟು, ರಾಧಾಕೃಷ್ಣನ್ ಅವರ ಆಹ್ವಾನದ ಮೇರೆಗೆ 1945ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಹೋದರು. 1947ರಿಂದ 1954ರವರೆಗೆ ದೆಹಲಿ ವಿಶ್ವವಿದ್ಯಾಲಯ, ಅನಂತರ ಕೆಲಕಾಲ ಜ್ಯೂರಿಕ್. ಮದ್ರಾಸಿನ 1948ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಹಿಂದೆ ಅವರ ಕರಡುಗಳಿದ್ದವು. ಉಳಿಸಿದ ಹಣದಲ್ಲಿ ಒಂದು ಲಕ್ಷ ರೂಪಾಯಿಯನ್ನು ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಪತ್ನಿಯ ಹೆಸರಿನ ಪೀಠಕ್ಕೆ ಕೊಟ್ಟುಬಿಟ್ಟರು. 1957ರಲ್ಲಿ ಪದ್ಮಶ್ರೀ ಬಂತು. ಬೆಂಗಳೂರಿನಲ್ಲಿ ನೆಲೆಸಿದ್ದೂ ಆ ಕಾಲಕ್ಕೇ.

ಅದೇ ವರ್ಷ ವಿಶ್ವವಿದ್ಯಾಲಯ ಧನಸಹಾಯ ಆಯೋಗ ಕಾಲೇಜು, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳ ಸುಧಾರಣೆಗೆ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. ವಿದ್ಯಾರ್ಥಿಯೊಬ್ಬನಿಗೆ 15 ರೂಪಾಯಿ, ಅಧ್ಯಾಪಕರೊಬ್ಬರಿಗೆ 200 ರೂಪಾಯಿ ಲೆಕ್ಕದಲ್ಲಿ ಪುಸ್ತಕಗಳಿಗೆ ಹಣ ಒದಗಿಸಬೇಕೆಂದು ಸಮಿತಿ ಹೇಳಿತು. ತಲೆಗಿಷ್ಟು ಎಂದು ಖಾತರಿಪಡಿಸಿದ್ದು ಆ ಕಾಲಕ್ಕೆ ದೊಡ್ಡ ಹೆಜ್ಜೆ. ಅರ್ಥಶಾಸ್ತ್ರ ಓದಿದ ನನಗೆ ಆ ಲೆಕ್ಕದ ಇನ್ನೊಂದು ಬದಿಯೂ ಕಾಣುತ್ತದೆ. ಒಂದೇ ಸಂಪುಟದ ಪಠ್ಯಪುಸ್ತಕ ಬ್ರೈಲ್‌ಗೆ ಬಂದರೆ ಹಲವು ದಪ್ಪ ಸಂಪುಟಗಳಾಗುತ್ತವೆ. ಅದನ್ನು ಸಿದ್ಧಪಡಿಸುವ ವೆಚ್ಚ ಸರಾಸರಿ ತಲೆಯ ಲೆಕ್ಕದಲ್ಲಿ ಎಂದೂ ಸೇರದು. ನಾನು ಕಡತಗಳಲ್ಲಿ ನೂರಾರು ಬಾರಿ ಬಳಸಿದ ತಲಾ ವೆಚ್ಚ ಎಂಬ ಪದ ಎಲ್ಲರನ್ನೂ ಸಮಾನವಾಗಿ ಕಾಣುವಂತೆ ತೋರುತ್ತದೆ, ಸರಾಸರಿಯಿಂದ ದೂರವಿರುವವನನ್ನು ಮಾತ್ರ ಮೆಲ್ಲನೆ ಹೊರಗಿಡುತ್ತದೆ.

ಬೆಂಗಳೂರಿನ ಕೊನೆಯ ಹದಿನೈದು ವರ್ಷಗಳಲ್ಲಿ ಅವರು ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಅಡಿಯಲ್ಲಿ 1962ರಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. 1965ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರೆಂಬ ಗೌರವ ನೀಡಿತು. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯಿದೆಯೂ ಅದೇ ವರ್ಷದ್ದು. ಆಸ್ತಿ ತೆರಿಗೆಯ ಜತೆಗೆ ಗ್ರಂಥಾಲಯ ಕರ ವಸೂಲಿ ಮಾಡಬೇಕೆಂಬ ಅದರ ಏರ್ಪಾಟು ರಂಗನಾಥನ್ ಅವರ ಚಿಂತನೆಗೆ ಹೊಂದುವಂಥದು. ಮುಳಬಾಗಿಲಿನಲ್ಲಿ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಈ ಕರದ ಅಂಕಣವನ್ನು ನಾನೂ ನೋಡುತ್ತಿದ್ದೆ. ಅಲ್ಲಿಯೇ ಅಲ್ಲವೇ ಡಿ.ವಿ.ಜಿ. ಹುಟ್ಟಿದ್ದು! ಪದವಿಯ ಮೆಟ್ಟಿಲನ್ನೇ ಹತ್ತದೆ, ಕೈಗೆ ಸಿಕ್ಕ ಪುಸ್ತಕಗಳಿಂದಲೇ ಅಷ್ಟು ದೊಡ್ಡ ವಿದ್ವಾಂಸರಾಗಿ, 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಂಸ್ಥೆಯನ್ನು ಕಟ್ಟಿದವರು. ಪುಸ್ತಕ ಕೈಗೆ ಸಿಗುವುದು ಎಂಬ ಮಾತಿನ ಬೆಲೆ ಆ ಊರಿಗೆ ತಿಳಿದಿರಬೇಕು. ರಂಗನಾಥನ್ 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿಯೇ ತೀರಿಕೊಂಡರು.

ಅವರ ಅನಂತರದ ಐವತ್ತು ವರ್ಷಗಳಲ್ಲಿ ಕಾನೂನು ಅವರ ಎರಡನೆಯ ಸೂತ್ರದ ಹತ್ತಿರಕ್ಕೆ ಬಂದಿದೆ. 2012ರ ತಿದ್ದುಪಡಿಯ ಮೂಲಕ ಕೃತಿಸ್ವಾಮ್ಯ ಕಾಯಿದೆ, ಅಂಗವಿಕಲ ಓದುಗರಿಗಾಗಿ ಪುಸ್ತಕವನ್ನು ಬ್ರೈಲ್‌ಗೋ ಧ್ವನಿಗೋ ಪರಿವರ್ತಿಸಲು ಪ್ರಕಾಶಕರ ಅನುಮತಿ ಬೇಕಿಲ್ಲವೆಂದಿತು. 2013ರ ಮರಾಕೇಶ್ ಒಪ್ಪಂದವನ್ನು ಸ್ಥಿರೀಕರಿಸಿದ ಮೊದಲ ದೇಶ ಭಾರತ. 2016ರಲ್ಲಿ ಸುಗಮ್ಯ ಪುಸ್ತಕಾಲಯವೆಂಬ ಅಂತರ್ಜಾಲ ಗ್ರಂಥಾಲಯ ಆರಂಭವಾಯಿತು. ಅದೇ ವರ್ಷದ ಹೊಸ ಅಂಗವಿಕಲರ ಹಕ್ಕುಗಳ ಕಾಯಿದೆ ವೈಕಲ್ಯಗಳ ಪಟ್ಟಿಯನ್ನು ಏಳರಿಂದ ಇಪ್ಪತ್ತೊಂದಕ್ಕೆ ಏರಿಸಿ, ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ 5ಕ್ಕೆ ಕಡಿಮೆಯಿಲ್ಲದ ಸ್ಥಾನಗಳನ್ನು ಮೀಸಲಿಟ್ಟಿತು. 2017ರಲ್ಲಿ ಕೋಲಾರದ ಟಮಕದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಆರಂಭವಾದದ್ದರಿಂದ ನಮ್ಮ ಮಕ್ಕಳಿಗೆ ವಿಶ್ವವಿದ್ಯಾಲಯವೇ ಹತ್ತಿರವಾಯಿತು. ಆ ಮಕ್ಕಳಲ್ಲಿ ಊರುಗೋಲಿನವರೂ ಇರುತ್ತಾರೆ. ಫ್ಲೋರೈಡ್ ತುಂಬಿದ ಕೊಳವೆಬಾವಿ ನೀರಿನ ಜಿಲ್ಲೆ ನಮ್ಮದು. ಹಲ್ಲು ಕಂದುವುದಷ್ಟೇ ಅಲ್ಲ, ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳೂ ಬಿಗಿಯುತ್ತವೆ. ಮೆಟ್ಟಿಲು ಇಲ್ಲಿ ಕೇವಲ ಕೆಲವರ ಸಮಸ್ಯೆಯಲ್ಲ.

ಕನ್ನಡದ ಓದುಗನಿಗೆ ಇನ್ನೊಂದು ಬಗೆಯ ಮೆಟ್ಟಿಲೂ ಇದೆ, ಅದು ಕಣ್ಣಿಗೆ ಕಾಣುವುದಿಲ್ಲ. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶಗಳು ಈಗ ಉಚಿತವಾಗಿ ದೊರೆಯುತ್ತವೆ, ಕನ್ನಡವನ್ನೂ ಓದುತ್ತವೆ. ಆದರೆ ಯೂನಿಕೋಡ್‌ಗೆ ಮೊದಲಿನ ಅಕ್ಷರವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಕಡತದಲ್ಲಿ ನಮ್ಮ ಕಣ್ಣಿಗೆ ಕನ್ನಡ ಕಂಡರೂ ಯಂತ್ರಕ್ಕೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಪುಟಗಳನ್ನು ಬರಿಯ ಚಿತ್ರವಾಗಿ ಸ್ಕ್ಯಾನ್ ಮಾಡಿಟ್ಟ ಪುಸ್ತಕವಂತೂ ಮೂಕ. ಮುದ್ರಿತ ಕನ್ನಡವನ್ನು ಗುರುತಿಸಿ ಪಠ್ಯವಾಗಿಸುವ ತಂತ್ರಾಂಶವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ರೂಪಿಸಿದ್ದಾರೆ. ಅದನ್ನು ಬಳಸಿ, ತಪ್ಪು ತಿದ್ದಿ, ವಿದ್ಯಾರ್ಥಿಯ ಕೈಗೆ ಕೊಡುವ ಕೆಲಸಕ್ಕೆ ಕಾಲೇಜಿನ ಗ್ರಂಥಾಲಯದಲ್ಲಿ ಒಬ್ಬ ಮನುಷ್ಯ ಬೇಕು. ಗ್ರಂಥಪಾಲಕನ ಕೆಲಸ ಕಾವಲಲ್ಲ ಎಂದು ರಂಗನಾಥನ್ ಬರೆದು ತೊಂಬತ್ತು ವರ್ಷಗಳು ಕಳೆದವು.

ಸಮಾರಂಭದ ಮರುವಾರ ಆ ಕಾಲೇಜಿನ ಪ್ರಾಂಶುಪಾಲರಿಗೆ ಪತ್ರ ಬರೆದೆ. ನಕ್ಷೆಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬನೆಂದು ತಿಳಿಸಿ, ಲಿಫ್ಟ್‌ಗೆ ಹಣ ದೊರೆಯುವವರೆಗೆ ಕೆಳಗಿನ ಒಂದು ಕೊಠಡಿಯಲ್ಲಿ ಪಠ್ಯ ವಿಭಾಗವನ್ನೂ ಮಾತನಾಡುತ್ತ ಓದಬಹುದಾದ ಒಂದು ಮೂಲೆಯನ್ನೂ ತೆರೆಯಬಹುದೇ ಎಂದು ಕೇಳಿದ್ದೆ. ಪರಿಶೀಲಿಸಲಾಗುವುದು ಎಂಬ ಉತ್ತರ ಬಂತು. ಆ ಉತ್ತರವನ್ನು ನಾನೇ ಮೂವತ್ತು ವರ್ಷ ಬರೆದವನಾದ್ದರಿಂದ ಅದರ ಅರ್ಥ ಗೊತ್ತಿತ್ತು. ಹೋಗಿ ಕಂಡೆ, ಮತ್ತೊಮ್ಮೆ ಹೋದೆ. ಮೂರನೆಯ ಭೇಟಿಯ ಹೊತ್ತಿಗೆ ಕೆಳಗಿನ ಕೊಠಡಿಯೊಂದರಿಂದ ಮುರಿದ ಬೆಂಚುಗಳನ್ನು ಹೊರಹಾಕಿ ನಾಲ್ಕು ಕಪಾಟುಗಳನ್ನು ಇಟ್ಟಿದ್ದರು. ಎತ್ತರ ಆರೂವರೆ ಅಡಿ ಇತ್ತು. ಆ ವಿದ್ಯಾರ್ಥಿನಿ ಅಷ್ಟರಲ್ಲಿ ಪದವಿ ಮುಗಿಸಿ ಹೋಗಿದ್ದಳು.

ಶ್ರೀನಿವಾಸಪುರದ ಗೆಳೆಯ ಪ್ರೌಢಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾಗಿ ಊರಿನಲ್ಲಿದ್ದಾನೆ. ಅವನ ಫೋನು ಇಂಗ್ಲಿಷ್ ಪುಸ್ತಕಗಳನ್ನು ನಾನು ಓದುವುದಕ್ಕಿಂತ ಮೂರು ಪಟ್ಟು ವೇಗದಲ್ಲಿ ಓದಿ ಹೇಳುತ್ತದೆ. ಕಳೆದ ಬೇಸಿಗೆಯಲ್ಲಿ, ನಾವು ಓದುವಾಗ ನಾನು ಬಿಟ್ಟಿದ್ದ ಸಾರ್ವಜನಿಕ ಹಣಕಾಸಿನ ಹಳೆಯ ಕನ್ನಡ ಪುಸ್ತಕವೊಂದನ್ನು ಕೇಳಿದ. ಸಿಕ್ಕಿದ್ದು ಚಿತ್ರವಾಗಿ ಸ್ಕ್ಯಾನ್ ಮಾಡಿದ ಮಸುಕಾದ ಪ್ರತಿ. ಫೋನಿಗೆ ಅದರಲ್ಲಿ ಏನೂ ಕೇಳಿಸಲಿಲ್ಲವಂತೆ. ಈಗ ರಾತ್ರಿ ಊಟವಾದ ಮೇಲೆ ದಿನಕ್ಕೆ ಐದು ಪುಟದಂತೆ ಗಟ್ಟಿಯಾಗಿ ಓದಿ, ಧ್ವನಿಮುದ್ರಿಸಿ ಕಳಿಸುತ್ತಿದ್ದೇನೆ. ಯಾವ ಅಧ್ಯಾಯವನ್ನೂ ಬಿಟ್ಟಿಲ್ಲ. ಕೊನೆಯ ಎರಡು ಅಧ್ಯಾಯಗಳು ಬಾಕಿ ಇವೆ.